ಮಡಚಿದ ಚಾಕುವಿನೊಳಗೆ

ಮಡಚುವ ಚಾಕುವನ್ನು ಮುಚ್ಚಿದಾಗ ಅಲಗಿನ ಬಾಯಿ ಯಾವುದಕ್ಕೂ ತಾಗಬಾರದು, ಮೊನೆ ಹೊರಗೆ ಇಣುಕಬಾರದು, ಬೆನ್ನು ಮಾತ್ರ ಉಗುರಿಗೆ ಸಿಗುವಷ್ಟು ಮೇಲೆ ಕಾಣಬೇಕು. ಕೊಳ್ಳುವವರು ಸಾಮಾನ್ಯವಾಗಿ ಚಾಕು ಬಿಚ್ಚಿ, ಬಾಯಿಗೆ ಹೆಬ್ಬೆರಳು ಸವರಿ, ಹರಿತ ನೋಡಿ ದುಡ್ಡು ಕೊಡುತ್ತಾರೆ. ಹರಿತವನ್ನು ಸಾಣೆ ಹಿಡಿಸಿ ಯಾವಾಗ ಬೇಕಾದರೂ ತಂದುಕೊಳ್ಳಬಹುದು. ಅಲಗು ಹಿಡಿಯೊಳಗೆ ಸರಿಯಾಗಿ ಕೂಡದಿದ್ದರೆ ಮಾತ್ರ, ಬಂದ ಹರಿತ ಮುಚ್ಚಿದ ಏಟಿಗೇ ಹೋಗುತ್ತದೆ.

ಇಂಥ ಚಾಕು ದಿನವೂ ಬೇಕಾಗುವ ಒಂದು ಕಡೆಯನ್ನೇ ನೋಡಿ: ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರು ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಸೀಮೆ. ಕಂಪ್ಲಿ, ಹಂಪಿ, ಹೊಸಪೇಟೆಯ ಕಡೆ ಬಾಳೆ, ಕಬ್ಬು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಸುತಳಿ ಹರಿಯಲು, ಬಾಳೆಎಲೆ ಕೊಯ್ಯಲು, ಕಬ್ಬಿನ ಸಿಪ್ಪೆ ಹೆರೆಯಲು ಇಂಥ ಕಡೆ ಚಾಕುವಿನ ಕೆಲಸ ಮುಗಿಯುವುದೇ ಇಲ್ಲ. ಆದರೂ ದಿನದ ಬಹುಪಾಲು ಅದು ಮಡಚಿಕೊಂಡು ಜೇಬಿನಲ್ಲೋ ನಡುವಿನ ಪಂಚೆಯ ಮಡಿಕೆಯಲ್ಲೋ ಇರುತ್ತದೆ.

ಸಾಮಾನ್ಯ ಜೇಬಿನ ಚಾಕುವಿನ ಹಿಡಿಯೊಳಗೆ, ಬೆನ್ನಿನ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದೇ ಸ್ಪ್ರಿಂಗು. ಅಲಗು ಮಡಚಿದಾಗ ಅದರ ಬಾಯಿ ಈ ಪಟ್ಟಿಯ ಕಡೆಗೇ ಮುಖ ಮಾಡುತ್ತದೆ. ಉಕ್ಕಿಗೆ ಉಕ್ಕು ಬಡಿಯಬಾರದೆಂದು ಅಲಗಿನ ಬುಡದಲ್ಲಿ, ಹರಿತ ಶುರುವಾಗುವುದಕ್ಕೆ ಮುಂಚೆ, ಒಂದು ಚಿಕ್ಕ ಉಬ್ಬು ಬಿಟ್ಟಿರುತ್ತಾರೆ. ಇಂಗ್ಲಿಷ್ ಚಾಕು ಕಸುಬಿನವರು ಇದನ್ನು ‘ಕಿಕ್’ ಎನ್ನುತ್ತಾರೆ. ಮುಚ್ಚಿದಾಗ ಪಟ್ಟಿಯ ಮೇಲೆ ಕೂಡುವುದು ಈ ಉಬ್ಬೊಂದೇ. ಉಳಿದ ಅಲಗೆಲ್ಲ ಗಾಡಿಯೊಳಗೆ, ಎಂದರೆ ಹಿಡಿಯ ಸೀಳಿನೊಳಗೆ, ಏನನ್ನೂ ಮುಟ್ಟದೆ ನಿಂತಿರುತ್ತದೆ. ಉಬ್ಬು ತಗ್ಗಾಗಿದ್ದರೆ ಬಾಯಿ ಪಟ್ಟಿಗೆ ಬಡಿದು, ಬಡಿದ ಜಾಗದಲ್ಲಿ ಮೊಂಡಾಗುತ್ತದೆ. ಬೆಳಕಿಗೆ ಹಿಡಿದರೆ ಆ ಜಾಗ ಬಿಳಿ ಚುಕ್ಕೆಯಂತೆ ಮಿನುಗುತ್ತದೆ. ಹರಿತವಾದ ಬಾಯಿ ಬೆಳಕನ್ನು ಹೀಗೆ ತೋರಿಸುವುದಿಲ್ಲ. ಇನ್ನೂ ಖಾತ್ರಿ ಬೇಕಿದ್ದರೆ ಗಾಡಿಯ ತಳದ ಪಟ್ಟಿಗೆ ಮಾರ್ಕರ್ ಮಸಿ ಬಳಿದು, ಒಣಗಿದ ಮೇಲೆ ಚಾಕು ಮುಚ್ಚಿ ತೆಗೆಯಬೇಕು. ಬಾಯಿ ತಾಗಿದ್ದರೆ ಮಸಿಯ ಮೇಲೆ ಗೀರು ಬಿದ್ದಿರುತ್ತದೆ.

ಸರಿಯಾಗಿ ಮಾಡಿದ ಚಾಕುವನ್ನೂ ಟಪ್ಪೆಂದು ಬಿಟ್ಟು ಮುಚ್ಚಿದರೆ ಬಾಯಿ ಕೆಡಬಹುದು. ಬೀಳುವ ಅಲಗಿನ ರಭಸಕ್ಕೆ ಪಟ್ಟಿ ಒಂದು ಕ್ಷಣ ಬಾಗುತ್ತದೆ, ಅಲಗು ತನ್ನ ನೆಲೆ ದಾಟಿ ಒಳಗಿಳಿದು ಮತ್ತೆ ಮೇಲೆ ಬರುತ್ತದೆ. ಆ ಟಪ್ ಸದ್ದು ಕೇಳಲು ಸೊಗಸು, ಬಾಯಿಗೆ ಕೇಡು. ಕೊನೆಯವರೆಗೂ ಬೆನ್ನಿನ ಮೇಲೆ ಬೆರಳಿಟ್ಟು ಇಳಿಸುವುದೇ ಸರಿ.

ಮೊನೆಯದು ಇನ್ನೊಂದು ತಕರಾರು. ಅದು ಹಿಡಿಯ ಅಂಚಿಗಿಂತ ಕೆಳಗೆ ಅಡಗಿರಬೇಕು. ಕೂದಲೆಳೆಯಷ್ಟು ಮೇಲೆದ್ದರೂ ಜೇಬು ಹರಿಯುತ್ತದೆ, ಜೇಬಿಗೆ ಕೈ ಹಾಕಿದವರ ಬೆರಳೂ ಕೊಯ್ಯುತ್ತದೆ. ಮುಚ್ಚಿದ ಚಾಕುವಿನ ಮೇಲೆ ಹಳೇ ಪಂಚೆಯ ತುಂಡೊಂದನ್ನು ಎಳೆದರೆ ಸಾಕು, ಎದ್ದ ಮೊನೆ ನೂಲಿಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಮದ್ದು ಉಬ್ಬನ್ನು ಅರದಿಂದ ಉಜ್ಜುವುದು. ಆದರೆ ಇಲ್ಲಿ ಲೆಕ್ಕ ತಪ್ಪುವುದು ಬಲು ಸುಲಭ. ಉಬ್ಬು ಕೀಲಿನಿಂದ 6 ಮಿ.ಮೀ. ದೂರದಲ್ಲಿದ್ದು ಮೊನೆ 72 ಮಿ.ಮೀ. ದೂರದಲ್ಲಿದೆ ಎಂದುಕೊಂಡರೆ, ಉಬ್ಬಿನಲ್ಲಿ ಸವೆದದ್ದರ 12 ಪಟ್ಟು ಮೊನೆ ಇಳಿಯುತ್ತದೆ. 0.1 ಮಿ.ಮೀ. ಉಜ್ಜಿದರೆ ಮೊನೆ 1.2 ಮಿ.ಮೀ. ಕೆಳಗೆ, ಅಲಗಿನ ನಡುಭಾಗ 0.6 ಮಿ.ಮೀ. ಕೆಳಗೆ. ಅರವನ್ನು ಎರಡು ಸಲ ಎಳೆದು ಮುಚ್ಚಿ ನೋಡಬೇಕು, ಮತ್ತೆ ಎರಡು ಸಲ. ಅವಸರಪಟ್ಟರೆ ಮೊನೆ ಅಡಗುತ್ತದೆ, ಬಾಯಿ ಹೋಗಿ ಪಟ್ಟಿಗೆ ಬಡಿಯುತ್ತದೆ.

ಹೊಸದರಲ್ಲಿ ಸರಿಯಿದ್ದ ಮೊನೆ ಹಳತಾದಂತೆ ಏಳುವುದೂ ಉಂಟು. ಸಾಣೆ ಹಿಡಿದಷ್ಟೂ ಬಾಯಿಯ ಕಡೆಯ ಉಕ್ಕು ಸವೆದು ಮೊನೆ ಬೆನ್ನಿನ ಕಡೆಗೆ ಸರಿಯುತ್ತದೆ. ಮಡಚಿದಾಗ ಬೆನ್ನು ಇರುವುದು ಮೇಲುಗಡೆ. ಆದ್ದರಿಂದ ಮುರಿದ ಮೊನೆಯನ್ನು ತಿದ್ದುವಾಗ ಬೆನ್ನಿನ ಕಡೆಯಿಂದ ಉಜ್ಜಬೇಕು. ಬಾಯಿಯ ಕಡೆಯಿಂದ ಉಜ್ಜಿ ಕೊಟ್ಟರೆ ನೋಡಲು ಚಂದ ಕಂಡರೂ ಜೇಬಿಗೆ ಅದು ಮುಳ್ಳು. ಎಷ್ಟೋ ಸಲ ಅರವೂ ಬೇಡ, ಸಾಣೆಯೂ ಬೇಡ: ಜೇಬಿನ ನೂಲುಜುಂಗು, ಭತ್ತದ ಹೊಟ್ಟು, ಮಣ್ಣು ಗಾಡಿಯ ತಳದಲ್ಲಿ ಗಟ್ಟಿಯಾಗಿ, ಉಬ್ಬು ಅದರ ಮೇಲೆ ಕೂತಿರುತ್ತದೆ. ಕಡ್ಡಿಯಿಂದ ಕೆದಕಿ ತೆಗೆದರೆ ಅಲಗು ತಾನಾಗಿ ಕೆಳಗಿಳಿಯುತ್ತದೆ.

ಅಲಗು ಹಿಡಿಯ ಎರಡು ಪಕ್ಕಗಳ ನಡುಮಧ್ಯ ನಿಲ್ಲಬೇಕು. ಒಂದು ಪಕ್ಕಕ್ಕೆ ವಾಲಿ ಉಜ್ಜುತ್ತಿದ್ದರೆ ಅಲಗಿನ ಮೇಲೆ ಉದ್ದಕ್ಕೆ ಗೆರೆ ಬೀಳುತ್ತದೆ. ಕೀಲಿನ ರಿವೆಟ್ಟನ್ನು ಓರೆಯಾಗಿ ಬಡಿದಿರಬಹುದು, ಹದ ಹಾಕುವಾಗ ಅಲಗು ಸೊಟ್ಟಗಾಗಿರಬಹುದು. ಮರದ ಹಿಡಿಯಾದರೆ ಮಳೆಗಾಲದ ತೇವಕ್ಕೆ ಉಬ್ಬಿ ಅಲಗನ್ನು ಬಿಗಿಹಿಡಿಯುತ್ತದೆ.

ಮುಚ್ಚಿದ ಅಲಗನ್ನು ಮುಚ್ಚಿಯೇ ಇರಿಸುವುದು ಯಾವುದು? ಪಟ್ಟಿಯಿರುವ ಚಾಕುವಿನಲ್ಲಿ ಪಟ್ಟಿಯ ಒತ್ತಡ. ಪಟ್ಟಿಯಿಲ್ಲದ ಅಗ್ಗದ ಚಾಕುವಿನಲ್ಲಿ ಕೀಲಿನ ಬಿಗಿ ಮಾತ್ರ. ಫ್ರಾನ್ಸಿನ ಸವೊಯ್ ಸೀಮೆಯಲ್ಲಿ 1890ರಲ್ಲಿ ಶುರುವಾದ ಒಪಿನೆಲ್ ಚಾಕುವೂ ಮೊದಲಿಗೆ ಹೀಗೆ ಬಿಗಿಯನ್ನೇ ನಂಬಿತ್ತು. 1955ರಲ್ಲಿ ಅದರ ಕೊರಳಿಗೆ ತಿರುಗುವ ಬಳೆ ಬಂತು, ಆದರೆ ಆ ಬಳೆ ಹಿಡಿದದ್ದು ತೆರೆದ ಅಲಗನ್ನು ಮಾತ್ರ. ಮುಚ್ಚಿದ ಅಲಗಿಗೂ ಬೀಗ ಬೀಳಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ಈಗಿನ ಹಲವು ಲಾಕ್ ಚಾಕುಗಳಲ್ಲಿ ಸಾಸಿವೆಯಷ್ಟು ದಪ್ಪದ ಗುಂಡೊಂದು ಅಲಗಿನ ಬುಡದ ಕುಳಿಗೆ ಬಿದ್ದು ಹಿಡಿಯುತ್ತದೆ. ಯಾವ ಬಗೆಯದಾದರೂ, ಗಾಡಿಯ ಬಾಯಿ ನೆಲಕ್ಕೆ ಮಾಡಿ ಹಿಡಿಯನ್ನು ಜಾಡಿಸಿದಾಗ ಅಲಗು ಹೊರಬಂದರೆ ಆ ಚಾಕು ಜೇಬಿಗೆ ಲಾಯಕ್ಕಲ್ಲ.

ಕ್ಷೌರದ ಹಳೆಯ ಮಡಚುಕತ್ತಿಗೆ ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ಹಿಡಿಯ ಎರಡು ಪಕ್ಕಗಳ ನಡುವೆ ಅಷ್ಟು ತೆಳುವಾದ ಬಾಯಿ ಏನನ್ನೂ ತಾಗದೆ ನಿಲ್ಲುವುದು ಕೀಲಿನ ನೇರದಿಂದಲೇ. ಅಡುಗೆಮನೆಯ ಮಡಚುವ ಈಳಿಗೆ ಮಣೆಯೂ ಇದೇ ಕುಲದ್ದು. ಕೂತವರ ಕಡೆಗೆ ಮುಖ ಮಾಡಿದ್ದ ಬಾಯಿ, ಮಡಚಿದಾಗ ಮಣೆಯ ಕಡೆಗೆ ಬಾಗುತ್ತದೆ, ಬೆನ್ನು ಮೇಲಾಗುತ್ತದೆ. ಮಣೆಯ ಮೇಲೆ ಉದ್ದಕ್ಕೊಂದು ಕಚ್ಚು ಗೆರೆ ಕಂಡರೆ ಬಾಯಿ ದಿನಾ ಮರಕ್ಕೆ ಕೂಡುತ್ತಿದೆ ಎಂದರ್ಥ. ಮರ ಉಕ್ಕಿನಷ್ಟು ಕೇಡು ಮಾಡುವುದಿಲ್ಲ, ಆದರೆ ಒದ್ದೆ ಮರ ತುಕ್ಕು ಹಿಡಿಸುತ್ತದೆ.

ಬಾಳೆಯ ಸೀಮೆಯಲ್ಲಿ ಚಾಕುವಿಗೆ ದೊಡ್ಡ ಶತ್ರು ಬಾಳೆಯ ಸೊನೆ. ಕೊಯ್ದಾಗ ನೀರಿನಂತಿದ್ದದ್ದು ಕೀಲಿನಲ್ಲಿ ಒಣಗಿ ಕಪ್ಪಗೆ ಅಂಟಾಗುತ್ತದೆ, ಅಲಗು ಅರ್ಧಕ್ಕೇ ನಿಂತು ಮೊನೆ ಹೊರಗುಳಿಯುತ್ತದೆ. ಸೀಮೆಎಣ್ಣೆ ಬಿಟ್ಟು ನಾಲ್ಕಾರು ಸಲ ಬಿಚ್ಚಿ ಮುಚ್ಚಿದರೆ ಅಂಟು ಕರಗಿ ಬರುತ್ತದೆ. ಆಮೇಲೆ ಒರೆಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಬೇಕು. ಹೆಚ್ಚು ಬಿಟ್ಟರೆ ದೂಳು ಕಟ್ಟಿ ಮತ್ತೆ ಅದೇ ಪಾಡು.