ಪಹಣಿಗೊಂದು ಜೋಡಿ ಸರ್ವರ್: ಗುರಿಯಂತ್ರಕ್ಕೆ ಬೇಕಾದ ಫೈಲುಗಳ ಸಿದ್ಧತೆ

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಕಸಬಾ, ಬೇಗೂರು, ತೆರಕಣಾಂಬಿ, ಹಂಗಳ ಎಂದು ನಾಲ್ಕು ಹೋಬಳಿಗಳು. ಚೆಂಡುಹೂವು, ಅರಿಶಿನ, ಸೂರ್ಯಕಾಂತಿ ಬೆಳೆಯುವ ಇಲ್ಲಿನ ರೈತ ಬೆಳೆಸಾಲಕ್ಕೆ ಬ್ಯಾಂಕಿಗೆ ಹೋಗಲಿ, ಅಣ್ಣತಮ್ಮಂದಿರ ಜೊತೆ ಪಾಲು ಮಾಡಿಕೊಳ್ಳಲು ಹೊರಡಲಿ, ಮೊದಲು ತೋರಿಸಬೇಕಾದ ಕಾಗದ ಪಹಣಿ. ಸರ್ವೆ ನಂಬರು, ಎಕರೆ ಗುಂಟೆ, ಹಕ್ಕುದಾರರ ಹೆಸರು, ಜಮೀನಿನ ಮೇಲಿನ ಸಾಲ, ಬೆಳೆದ ಬೆಳೆ ಎಲ್ಲವೂ ಅದರಲ್ಲಿ ಇರುತ್ತವೆ. ಕಚೇರಿಯ ಕಿಟಕಿಯಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಬಂದರೆ ಅವನಿಗೆ ಅಂದಿನ ಕೆಲಸವೂ ಹೋಯಿತು, ಬಸ್ ಚಾರ್ಜೂ ಹೋಯಿತು.

ಒಂದು ಸರ್ವರ್ ನಿಂತರೆ ಅದರ ಜಾಗಕ್ಕೆ ಕೂಡಲೇ ಇನ್ನೊಂದು ಬಂದು ನಿಲ್ಲುವಂತೆ ಮಾಡುವ ವಿಧಾನ ಕಂಪ್ಯೂಟರ್ ಜಗತ್ತಿನಲ್ಲಿ ಬಹಳ ಹಿಂದಿನಿಂದ ಇದೆ. ಅದನ್ನು ರೆಪ್ಲಿಕೇಶನ್ ಎನ್ನುತ್ತಾರೆ. ಮೂಲ ಸರ್ವರಿನಲ್ಲಿ ಆಗುವ ಪ್ರತಿಯೊಂದು ಬದಲಾವಣೆಯೂ ಕ್ಷಣಮಾತ್ರದಲ್ಲಿ ಗುರಿ ಸರ್ವರಿಗೂ ತಲುಪುತ್ತಿರುತ್ತದೆ. ಆದರೆ ಆ ಗುರಿ ಸರ್ವರ್ ಕಷ್ಟಕಾಲದಲ್ಲಿ ಕೈ ಹಿಡಿಯುತ್ತದೋ ಕೈ ಕೊಡುತ್ತದೋ ಎಂಬುದು ಮೊದಲ ಬದಲಾವಣೆ ಬಂದು ಸೇರುವ ಮುಂಚೆಯೇ ತೀರ್ಮಾನವಾಗಿಬಿಟ್ಟಿರುತ್ತದೆ. ಅಲ್ಲಿ ಯಾವ ಫೈಲು ಇಟ್ಟರು, ಯಾವುದನ್ನು ತಿದ್ದಿದರು, ಯಾವುದನ್ನು ತೆಗೆದರು ಎಂಬುದರಲ್ಲಿ ಆ ತೀರ್ಮಾನ ಇದೆ.

ಕರ್ನಾಟಕಕ್ಕೆ ಈ ವಿಷಯ ಹೊರಗಿನದಲ್ಲ. ಗುಂಡ್ಲುಪೇಟೆ ಸೇರಿರುವ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ರಾಜ್ಯದಲ್ಲಿ ‘ಭೂಮಿ’ ಯೋಜನೆ ಹಬ್ಬಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ, ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಗ್ರಾಮಲೆಕ್ಕಿಗರ ಕೈಬರಹದ ಪಹಣಿ ನಿಂತು, ಶುರುವಿನಲ್ಲಿ 15 ರೂಪಾಯಿ ಕೊಟ್ಟು ಅಚ್ಚಾದ ಪ್ರತಿ ಪಡೆಯುವ ಏರ್ಪಾಡು ಬಂತು. ಆಗ ಡೇಟಾಬೇಸ್ ಇದ್ದದ್ದು ತಾಲ್ಲೂಕಿಗೊಂದರಂತೆ. ಗುಂಡ್ಲುಪೇಟೆಯ ದಾಖಲೆ ಗುಂಡ್ಲುಪೇಟೆಯ ಯಂತ್ರದಲ್ಲಿ, ಚಾಮರಾಜನಗರದ್ದು ಚಾಮರಾಜನಗರದಲ್ಲಿ. ಬರುಬರುತ್ತಾ ಅವು ಬೆಂಗಳೂರಿನ ಕೇಂದ್ರ ವ್ಯವಸ್ಥೆಗೆ ಸೇರಿದವು. ಒಂದೇ ಕಡೆ ಸೇರಿದ್ದರಿಂದ ಅನುಕೂಲಗಳು ಹೆಚ್ಚಿದವು, ನಿಜ. ಆದರೆ ಒಂದು ಕಡೆ ತೊಂದರೆಯಾದರೆ ಎಲ್ಲ ಕಡೆಯೂ ಕೆಲಸ ನಿಲ್ಲುವ ಅಪಾಯವೂ ಜೊತೆಗೇ ಬಂತು.

ಆ ಅಪಾಯ ಎಷ್ಟು ದೊಡ್ಡದೆಂದು ದಕ್ಷಿಣ ಕೊರಿಯಾ 2025ರ ಸೆಪ್ಟೆಂಬರ್ 26ರಂದು ಕಂಡಿತು. ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿ, 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತುಹೋದವು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹದ 858 ಟೆರಾಬೈಟ್ ಸುಟ್ಟುಹೋಯಿತು. ಬೇರೆ ಊರಿನಲ್ಲಿ ಅದರ ಪ್ರತಿ ಇರಲಿಲ್ಲ.

ಇನ್ನು ಸಿದ್ಧತೆಗೆ ಬರೋಣ. ಸಾಫ್ಟ್‌ವೇರಿನಿಂದ ಸಾಫ್ಟ್‌ವೇರಿಗೆ ವಿವರ ಬದಲಾಗುತ್ತದೆ. ಇಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸನ್ನು ಉದಾಹರಣೆಗೆ ಇಟ್ಟುಕೊಂಡಿದೆ. ಅದು ಉಚಿತ, ಮುಕ್ತ. ಬೇಕೆಂದವರು ಇಳಿಸಿಕೊಂಡು ಪ್ರತಿ ಫೈಲನ್ನೂ ತೆರೆದು ನೋಡಬಹುದು.

ಗುರಿ ಸರ್ವರಿಗೆ ಮೊದಲು ಬೇಕಾದದ್ದು ಮೂಲ ಡೇಟಾಬೇಸಿನ ಪೂರ್ಣ ಪ್ರತಿ. ಇದನ್ನು ತರುವ ಸಲಕರಣೆಯ ಹೆಸರು ‘ಪಿಜಿ ಬೇಸ್‌ಬ್ಯಾಕಪ್’. ಮೂಲ ಸರ್ವರ್ ತನ್ನ ಪಾಡಿಗೆ ಪಹಣಿ ಕೊಡುತ್ತಲೇ ಇರುತ್ತದೆ, ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆ, ಆಗುತ್ತಲೇ ಇರುತ್ತದೆ, ಅದರ ನಡುವೆಯೇ ನಕಲು ನಡೆಯುತ್ತದೆ. ಹೀಗಾಗಿ ಬೆಳಿಗ್ಗೆ 10ಕ್ಕೆ ನಕಲಾದ ಫೈಲು ಒಂದು ಸ್ಥಿತಿಯಲ್ಲಿ, 11ಕ್ಕೆ ನಕಲಾದದ್ದು ಇನ್ನೊಂದು ಸ್ಥಿತಿಯಲ್ಲಿ ಇರುತ್ತದೆ. ಇವೆರಡಕ್ಕೂ ಹೊಂದಿಕೆ ತರುವುದು ಲಾಗ್ ಫೈಲುಗಳು. ಡೇಟಾಬೇಸಿನಲ್ಲಿ ಆದ ಪ್ರತಿ ಬದಲಾವಣೆಯನ್ನೂ ಆದ ಕ್ರಮದಲ್ಲೇ ಬರೆದಿಡುವ ಈ ಫೈಲುಗಳು ಸಾಮಾನ್ಯವಾಗಿ ತಲಾ 16 ಮೆಗಾಬೈಟಿನವು. ನಕಲು ಶುರುವಾದ ಗಳಿಗೆಯಿಂದ ಮುಗಿಯುವವರೆಗಿನ ಲಾಗ್‌ಗಳು ಒಂದೂ ಬಿಡದೆ ಗುರಿ ಸರ್ವರಿಗೆ ಸಿಗಬೇಕು. ನಡುವೆ ಒಂದು ತಪ್ಪಿದರೆ ಆ ಪ್ರತಿ ಕೆಲಸಕ್ಕೆ ಬಾರದು.

ಲಾಗನ್ನು ಎಲ್ಲಿಂದ ಓದಲು ಆರಂಭಿಸಬೇಕು ಎಂಬುದನ್ನು ಹೇಳುವ ಪುಟ್ಟ ಫೈಲೊಂದು ಪ್ರತಿಯ ಜೊತೆ ಬರುತ್ತದೆ. ಅದರ ಹೆಸರು ‘ಬ್ಯಾಕಪ್ ಲೇಬಲ್’. ಕೆಲವೇ ಸಾಲುಗಳ ಈ ಫೈಲು ಯಾತಕ್ಕೋ ಉಳಿದುಕೊಂಡ ಕಸದಂತೆ ಕಾಣುತ್ತದೆ. ಅದನ್ನು ಅಳಿಸಿದರೂ ಸರ್ವರ್ ಹಲವೊಮ್ಮೆ ಏನೂ ಹೇಳದೆ ಏಳುತ್ತದೆ, ಆದರೆ ತಪ್ಪು ಜಾಗದಿಂದ ಲಾಗ್ ಓದಿರುತ್ತದೆ. ಒಳಗಿನ ದಾಖಲೆ ಕೆಟ್ಟಿರುವುದು ಗೊತ್ತಾಗುವುದು ಎಷ್ಟೋ ದಿನ ಕಳೆದ ಮೇಲೆ. ಸದ್ದಿಲ್ಲದೆ ಆಗುವ ಇಂಥ ಕೇಡು ಸರ್ವರ್ ನಿಲ್ಲುವುದಕ್ಕಿಂತ ಕೆಟ್ಟದ್ದು.

ಆಮೇಲೆ ಸೆಟ್ಟಿಂಗುಗಳ ಫೈಲುಗಳು. ಮೂಲ ಸರ್ವರಿನ ವಿಳಾಸ, ಪೋರ್ಟು, ಯಾವ ಬಳಕೆದಾರನ ಹೆಸರಿನಲ್ಲಿ ಸಂಪರ್ಕಿಸಬೇಕು ಎಂಬುದನ್ನು ಗುರಿಯ ಕಡೆ ಬರೆಯಬೇಕು. ಗುರಿ ಸರ್ವರನ್ನು ಒಳಗೆ ಬಿಡಲು ಮೂಲದ ಕಡೆಯ ಅನುಮತಿ ಫೈಲಿನಲ್ಲಿ ಒಂದು ಸಾಲು ಸೇರಿಸಬೇಕು. ಗುಪ್ತಪದದ ಫೈಲನ್ನು ಅದರ ಒಡೆಯನ ಹೊರತು ಬೇರೆಯವರು ಓದುವಂತಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಬಳಸುವುದೇ ಇಲ್ಲ. ಗುರಿಯಲ್ಲಿ ಗರಿಷ್ಠ ಸಂಪರ್ಕಗಳ ಸಂಖ್ಯೆ ಮೂಲಕ್ಕಿಂತ ಕಡಿಮೆ ಇರಕೂಡದು. ಕೊನೆಯಲ್ಲಿ ‘ಸ್ಟ್ಯಾಂಡ್‌ಬೈ ಸಿಗ್ನಲ್’ ಎಂಬ, ಒಳಗೆ ಏನೂ ಬರೆಯದ ಖಾಲಿ ಫೈಲು. ಅದು ಇದ್ದರೆ ಸರ್ವರ್ ತಾನು ಗುರಿಯೆಂದು ತಿಳಿದು ಮೂಲವನ್ನು ಹಿಂಬಾಲಿಸುತ್ತದೆ. ಇರದಿದ್ದರೆ ತಾನೇ ಮೂಲವೆಂದುಕೊಂಡು ಹೊಸ ದಾಖಲೆ ಬರೆಸಿಕೊಳ್ಳಲು ಶುರುಮಾಡುತ್ತದೆ. ಒಂದೇ ಸರ್ವೆ ನಂಬರಿಗೆ ಎರಡು ಯಂತ್ರಗಳಲ್ಲಿ ಎರಡು ಬಗೆಯ ಮ್ಯುಟೇಶನ್ ಆದರೆ ಯಾವುದು ಸರಿ ಎಂದು ಹೇಳುವವರು ಯಾರು?

ಒರಾಕಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಈ ಪಟ್ಟಿ ಇನ್ನೂ ಉದ್ದ. ಅಲ್ಲಿ ಗುರಿಗೆಂದೇ ಬೇರೆಯ ಕಂಟ್ರೋಲ್ ಫೈಲನ್ನು ಮೂಲದಲ್ಲಿ ಹುಟ್ಟಿಸಬೇಕು, ಪಾಸ್‌ವರ್ಡ್ ಫೈಲನ್ನು ಮೂಲದಿಂದಲೇ ತರಬೇಕು, ಫೋಲ್ಡರುಗಳ ದಾರಿ ಎರಡೂ ಕಡೆ ಬೇರೆಯಾಗಿದ್ದರೆ ಯಾವುದಕ್ಕೆ ಯಾವುದೆಂದು ಪ್ಯಾರಾಮೀಟರ್ ಫೈಲಿನಲ್ಲಿ ಬರೆಯಬೇಕು. ಮೈಎಸ್‌ಕ್ಯೂಎಲ್ ಎಂಬ ಮತ್ತೊಂದು ಡೇಟಾಬೇಸಿನಲ್ಲಿ ಇದಕ್ಕೆ ಉಲ್ಟಾ ಒಂದು ಎಚ್ಚರ ಇದೆ. ‘ಆಟೋ ಸಿಎನ್‌ಎಫ್’ ಎಂಬ ಫೈಲಿನಲ್ಲಿ ಸರ್ವರಿನ ಗುರುತಿನ ಸಂಖ್ಯೆ ಇರುತ್ತದೆ. ಇಡೀ ಫೋಲ್ಡರನ್ನು ಹಾಗೇ ನಕಲು ಮಾಡಿದರೆ ಎರಡು ಸರ್ವರಿಗೂ ಒಂದೇ ಗುರುತು ಬಂದು ರೆಪ್ಲಿಕೇಶನ್ ನಿಲ್ಲುತ್ತದೆ. ಆ ಒಂದು ಫೈಲನ್ನು ಗುರಿಯಲ್ಲಿ ಅಳಿಸಿದರೆ ಸರ್ವರ್ ತಾನಾಗಿ ಹೊಸ ಗುರುತು ಪಡೆಯುತ್ತದೆ.

ಅಳಿಸುವ ಮಾತು ಬಂದಾಗ, ಪ್ರೋಗ್ರಾಮುಗಳ ಕೋಡ್ ಇಟ್ಟುಕೊಡುವ ಸಂಸ್ಥೆಯಾದ ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ಹೇಳದಿರಲಾಗದು. 2017ರ ಜನವರಿ 31ರ ರಾತ್ರಿ ಅಲ್ಲಿನ ಗುರಿ ಸರ್ವರ್ ಹಿಂದೆ ಬಿದ್ದಿತ್ತು. ಮತ್ತೆ ಪೂರ್ಣ ಪ್ರತಿ ತರೋಣವೆಂದು ಎಂಜಿನಿಯರ್ ಒಬ್ಬರು ಹೊರಟರು. ಪ್ರತಿ ಬಂದು ಕೂರುವ ಫೋಲ್ಡರ್ ಖಾಲಿ ಇರಬೇಕು ಎಂಬುದು ಪಿಜಿ ಬೇಸ್‌ಬ್ಯಾಕಪ್‌ನ ನಿಯಮ. ಹಾಗಾಗಿ ಅವರು ಅದನ್ನು ಅಳಿಸಿದರು. ಆದರೆ ಆ ಆಜ್ಞೆ ಕೊಟ್ಟದ್ದು ಗುರಿಯಲ್ಲಿ ಅಲ್ಲ, ಮೂಲ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ತಡೆದಾಗ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಮಾತ್ರ. ದಿನವೂ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ನೋಡಿದರೆ ಅದೂ ಇಲ್ಲ: ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6ರದು, ಬ್ಯಾಕಪ್ ಸಲಕರಣೆ 9.2ರದು, ಆವೃತ್ತಿ ಹೊಂದದೆ ಅದು ವಿಫಲವಾಗುತ್ತಲೇ ಬಂದಿತ್ತು. ಯಾವುದೋ ಪರೀಕ್ಷೆಗೆಂದು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಪ್ರತಿಯೊಂದು ಕೈ ಹಿಡಿಯಿತು. ಆ ಆರು ಗಂಟೆಗಳ ದಾಖಲೆ ಮಾತ್ರ ಹೋಯಿತು. ಆ ಸಂಸ್ಥೆ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಲೋಕಕ್ಕೆ ತಿಳಿಸಿತು. ದುರಸ್ತಿಯ ಕೆಲಸವನ್ನು ನೇರ ಪ್ರಸಾರ ಕೂಡ ಮಾಡಿತು. ಅದು ದೊಡ್ಡ ಗುಣ. ಅಂದಿನಿಂದ ಎಷ್ಟೋ ಕಡೆ ಮೂಲ ಸರ್ವರಿನ ಪರದೆಗೆ ಒಂದು ಬಣ್ಣ, ಗುರಿಯದಕ್ಕೆ ಬೇರೆ ಬಣ್ಣ ಇಡುವುದನ್ನು, ಫೋಲ್ಡರನ್ನು ಅಳಿಸುವ ಬದಲು ಹೆಸರು ಬದಲಿಸಿ ಪಕ್ಕಕ್ಕಿಡುವುದನ್ನು ರೂಢಿ ಮಾಡಿಕೊಂಡಿದ್ದಾರೆ.

ಕನ್ನಡದ ದಾಖಲೆಗೆ ಇನ್ನೆರಡು ಎಚ್ಚರಗಳು ಬೇಕು. ಯೂನಿಕೋಡ್‌ನಲ್ಲಿ ‘ಗುಂಡ್ಲುಪೇಟೆ’ ಎಂಬ ಹೆಸರಿಗೆ 11 ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 33. ಗುರಿಯ ಟೇಬಲ್ಲಿನಲ್ಲಿ ಊರಿನ ಹೆಸರಿಗೆ 30 ಬೈಟ್ ಎಂದು ಗೊತ್ತುಮಾಡಿದ್ದರೆ ಗುಂಡ್ಲುಪೇಟೆ ಹಿಡಿಸುವುದಿಲ್ಲ, ಆ ಸಾಲು ಅಲ್ಲೇ ನಿಲ್ಲುತ್ತದೆ. ಹಳೆಯ ಫಾಂಟ್ ಪದ್ಧತಿಯಲ್ಲಿ ತುಂಬಿದ ದಾಖಲೆಯನ್ನು ಯೂನಿಕೋಡಿನ ಗುರಿಗೆ ಕಳಿಸುವಾಗ ಇದನ್ನು ಮೊದಲೇ ಲೆಕ್ಕ ಹಾಕಬೇಕು.

ಎರಡನೆಯದು ಅಕಾರಾದಿ ಕ್ರಮ. ಹೆಸರುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ನಿಯಮವನ್ನು ಪೋಸ್ಟ್‌ಗ್ರೆಸ್ ಹಲವು ಕಡೆ ಲಿನಕ್ಸ್‌ನ ‘ಜಿಲಿಬ್‌ಸಿ’ ಎಂಬ ಭಂಡಾರದಿಂದ ಪಡೆಯುತ್ತದೆ. 2018ರ ಆಗಸ್ಟಿನಲ್ಲಿ ಬಂದ ಅದರ 2.28ನೇ ಆವೃತ್ತಿಯಲ್ಲಿ ಈ ನಿಯಮಗಳು ದೊಡ್ಡದಾಗಿ ಬದಲಾದವು. ಮೂಲದಲ್ಲಿ ಹಳೆಯ ಲಿನಕ್ಸ್, ಗುರಿಯಲ್ಲಿ ಹೊಸದು ಇದ್ದರೆ, ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು (ಹುಡುಕಲು ನೆರವಾಗುವ ಸೂಚಿಯನ್ನು) ಹೊಸ ಕ್ರಮದಲ್ಲಿ ಹುಡುಕಿದಂತಾಗುತ್ತದೆ. ರೈತನ ಹೆಸರು ಡೇಟಾಬೇಸಿನಲ್ಲಿ ಇದ್ದರೂ ‘ದಾಖಲೆ ಇಲ್ಲ’ ಎಂಬ ಉತ್ತರ ಬರಬಹುದು. ಎರಡೂ ಯಂತ್ರಗಳ ಡೇಟಾಬೇಸ್ ಆವೃತ್ತಿ ಮಾತ್ರವಲ್ಲ, ಆಪರೇಟಿಂಗ್ ಸಿಸ್ಟಂ ಆವೃತ್ತಿಯೂ ಒಂದೇ ಇರಬೇಕೆಂದು ಅನುಭವಿಗಳು ಹಟ ಹಿಡಿಯುವುದು ಇದಕ್ಕೇ.

ಪ್ರತಿಯನ್ನು ಸಾಗಿಸುವುದೂ ಒಂದು ಲೆಕ್ಕದ ಕೆಲಸವೇ. ತಾಲ್ಲೂಕು ಕೇಂದ್ರಗಳನ್ನು ರಾಜಧಾನಿಗೆ ಜೋಡಿಸುವ ರಾಜ್ಯ ಜಾಲಗಳ ಯೋಜನೆ 2005ರಲ್ಲಿ ಮಂಜೂರಾದಾಗ ಕನಿಷ್ಠ ವೇಗವೆಂದು ಇಟ್ಟದ್ದು 2 ಎಂಬಿಪಿಎಸ್. ಅಂಥ ತಂತಿಯಲ್ಲಿ 10 ಗಿಗಾಬೈಟಿನ ಪ್ರತಿ ಹೋಗಲು 11 ಗಂಟೆ ಹಿಡಿಯುತ್ತದೆ. ಅದೇ ಪ್ರತಿಯನ್ನು ಡಿಸ್ಕಿಗೆ ಹಾಕಿ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಹೊರಟವರು ಅಷ್ಟು ಹೊತ್ತಿಗೆ ಬೆಂಗಳೂರು ತಲುಪಿ ಊಟವನ್ನೂ ಮುಗಿಸಿರುತ್ತಾರೆ. ಮೊದಲ ಪ್ರತಿಯನ್ನು ಡಿಸ್ಕಿನಲ್ಲಿ ಒಯ್ದು, ನಂತರದ ಬದಲಾವಣೆಗಳನ್ನು ಮಾತ್ರ ತಂತಿಯಲ್ಲಿ ಕಳಿಸುವುದು ಈಗಲೂ ದೊಡ್ಡ ಡೇಟಾಬೇಸುಗಳಲ್ಲಿ ನಡೆಯುವ ಪದ್ಧತಿ. ಡಿಸ್ಕು ತಲುಪಿ ಗುರಿ ಸರ್ವರ್ ಏಳುವವರೆಗಿನ ಲಾಗ್‌ಗಳನ್ನು ಮೂಲ ಸರ್ವರ್ ಅಳಿಸದಂತೆ ಕಟ್ಟುಮಾಡಿರಬೇಕು, ಅವಕ್ಕೆ ಡಿಸ್ಕಿನಲ್ಲಿ ಜಾಗವೂ ಇರಬೇಕು.

ಪ್ರತಿ ಬಂದಿಳಿದ ಮೇಲೆ ತಾಳೆ ನೋಡಬೇಕು. 2020ರಲ್ಲಿ ಬಂದ ಪೋಸ್ಟ್‌ಗ್ರೆಸ್ 13ರಿಂದ ಪ್ರತಿ ಫೈಲಿನ ಹೆಸರು, ಗಾತ್ರ, ಚೆಕ್‌ಸಮ್ (ಫೈಲಿನ ಒಳಗಿನದನ್ನು ತಾಳೆ ನೋಡುವ ಸಂಖ್ಯೆ) ಬರೆದ ಪಟ್ಟಿಯೊಂದು ಪ್ರತಿಯ ಜೊತೆಗೇ ಬರುತ್ತದೆ. ತಾಳೆ ನೋಡುವ ಸಲಕರಣೆಯೂ ಇದೆ. ಇಷ್ಟೆಲ್ಲ ಆದರೂ ರೆಪ್ಲಿಕೇಶನ್ ಇದೆಯೆಂದು ಬ್ಯಾಕಪ್ ಬಿಡುವಂತಿಲ್ಲ. ಮೂಲದಲ್ಲಿ ಯಾರಾದರೂ ತಪ್ಪಿ ಒಂದು ಹೋಬಳಿಯ ಪಹಣಿಗಳನ್ನು ಅಳಿಸಿದರೆ, ಗುರಿಯಲ್ಲೂ ಅವು ಅಷ್ಟೇ ಬೇಗ ಅಳಿಯುತ್ತವೆ.

ಇದನ್ನು ಕಲಿಯಲು ದುಬಾರಿ ಸರ್ವರ್ ಬೇಕಿಲ್ಲ. ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯೇ ಆಗಲಿ, ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವರೇ ಆಗಲಿ, ಎರಡು ಹಳೆಯ ಕಂಪ್ಯೂಟರುಗಳನ್ನು ಒಂದು ಕೇಬಲ್ಲಿನಿಂದ ಜೋಡಿಸಿದರೆ ಸಾಕು. ಒಂದರಲ್ಲಿ ಊರು, ಸರ್ವೆ ನಂಬರು, ಹೆಸರುಗಳ ಸಣ್ಣ ಟೇಬಲ್ ಕಟ್ಟಿ, ಇನ್ನೊಂದನ್ನು ಗುರಿಯಾಗಿ ಸಿದ್ಧಮಾಡಿ, ಆಮೇಲೆ ಮೊದಲನೆಯದರ ವಿದ್ಯುತ್ ತಂತಿಯನ್ನು ಕಿತ್ತು ನೋಡಿ. ಎರಡನೆಯದು ಎದ್ದು ನಿಂತು ಪಹಣಿ ಕೊಡುವವರೆಗೆ ಅಭ್ಯಾಸ ಬಿಡಬೇಡಿ.