ತಾಯಿ ತುಂಬುತ್ತಿರುವ ಖಾಲಿ ಹುದ್ದೆ

ಕಾಪುವಿನಿಂದಲೋ ಕಾರ್ಕಳದಿಂದಲೋ ಆಟಿಸಂ ಇರುವ ಮಗುವನ್ನು ಮಣಿಪಾಲಕ್ಕೆ ವಾಕ್ ಚಿಕಿತ್ಸೆಗೆ ಕರೆತರುವ ತಾಯಿಗೆ ಅರ್ಧ ದಿನ ಅದರಲ್ಲೇ ಸಂದುಹೋಗುತ್ತದೆ. ಉಳಿದ ದಿನಗಳಲ್ಲಿ ಅವರು ಶಾಲೆಯ ಜಗಲಿಯಲ್ಲಿ ಕಾದಿರಬೇಕು. ಗಂಟೆಯ ಸದ್ದಿಗೆ ಮಗು ಕಿವಿ ಮುಚ್ಚಿ ಚೀರಿದೊಡನೆ ಒಳಗಿನಿಂದ ಕರೆ ಬರುತ್ತದೆ.

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರಿರಲಿಲ್ಲ. 2016ರ ಕಾಯ್ದೆಯು ಅದನ್ನು 21 ವೈಕಲ್ಯಗಳಲ್ಲಿ ಒಂದೆಂದು ಗುರುತಿಸಿ, ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಪ್ರವೇಶ ನೀಡಬೇಕೆಂದಿತು. ವಿಶೇಷ ಅಗತ್ಯವುಳ್ಳ ಪ್ರತಿ 10 ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು, ಸುಪ್ರೀಂ ಕೋರ್ಟ್‌ನ 2021ರ ತೀರ್ಪಿನ ಬಳಿಕ, ಕೇಂದ್ರ ಸರಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿತು. ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು. ಹುದ್ದೆಗಳನ್ನು ಮಂಜೂರು ಮಾಡಿರೆಂದು 2025ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಮತ್ತೆ ಆದೇಶಿಸಬೇಕಾಯಿತು.

ಭರ್ತಿಯಾಗದ ಹುದ್ದೆ ಕಡತದಲ್ಲಿ ಉಳಿತಾಯದಂತೆ ಕಾಣುತ್ತದೆಂಬುದು ಸರಕಾರಿ ಸೇವೆಯಲ್ಲಿದ್ದ ನನಗೆ ತಿಳಿಯದ್ದಲ್ಲ. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಅದು ಉಳಿತಾಯವಲ್ಲ. ವೆಚ್ಚವು ಬೊಕ್ಕಸದಿಂದ ಮನೆಗೆ ವರ್ಗವಾಗಿದೆ, ಅಷ್ಟೆ. ಉದ್ಯೋಗ ತೊರೆದು ಜಗಲಿಯಲ್ಲಿ ಕುಳಿತ ತಾಯಿಯೇ ಆ ಹುದ್ದೆಯನ್ನು ಸಂಬಳವಿಲ್ಲದೆ ನಿರ್ವಹಿಸುತ್ತಿದ್ದಾರೆ. ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿ ಅವರ ದುಡಿಮೆಗೆ ಸ್ಥಾನವಿಲ್ಲ.

ಎಷ್ಟು ಮಕ್ಕಳಿಗೆ ಪ್ರವೇಶ ಕೊಟ್ಟೆವೆಂಬ ಅಂಕಿಯೊಂದೇ ಸಾಲದು. ತಾಲೂಕುವಾರು ಇಂಥ ಮಕ್ಕಳೆಷ್ಟು, ಅವರಿಗೆ ವಿಶೇಷ ಶಿಕ್ಷಕರೆಷ್ಟು ಎಂಬುದನ್ನು ಜಿಲ್ಲಾ ಪಂಚಾಯತ್ ಪ್ರತಿವರ್ಷ ಜೂನ್‌ನಲ್ಲಿ ಪ್ರಕಟಿಸಲಿ. ಆ ಎರಡು ಅಂಕಿಗಳ ನಡುವಿನ ಅಂತರವೇ ಜಗಲಿಯಲ್ಲಿ ಕಾದಿರುವ ತಾಯಂದಿರ ಲೆಕ್ಕ.