ಮಿಸಿಸಿಪ್ಪಿ ಹೊಳೆಯಲ್ಲಿ ನಾಲ್ಕು ಮೀನಿನ ಲೆಕ್ಕ

ತುಲಾ ಮಾಸ ಕಳೆದು ವೃಶ್ಚಿಕ ಹತ್ತಿರವಾಗುತ್ತಿದ್ದಂತೆ ನಮ್ಮ ಕಾಸರಗೋಡಿನ ಹೊಳೆ-ತೋಡುಗಳ ಕೆನ್ನೀರು ತಿಳಿಯಾಗುತ್ತದೆ. ತೋಟವುಳ್ಳವರು ತೋಡಿಗೆ ಕಟ್ಟ ಕಟ್ಟುವ ಮಾತಿಗೆ ತೊಡಗುತ್ತಾರೆ. ಸರಿಸುಮಾರು ಇದೇ ದಿನಗಳಲ್ಲಿ ಭೂಮಿಯ ಆಚೆ ಮಗ್ಗುಲಿನಲ್ಲಿ, ಅಮೆರಿಕದ ಮಿಸಿಸಿಪ್ಪಿ ಮಹಾನದಿಯ ಮೇಲುಭಾಗದಲ್ಲಿ, ಉಣ್ಣೆಯ ಟೊಪ್ಪಿ ಕಿವಿಯವರೆಗೆ ಎಳೆದುಕೊಂಡ ಜನ ಸಣ್ಣ ದೋಣಿಗಳಲ್ಲಿ ಕುಳಿತು ಗಾಳ ಇಳಿಬಿಡುತ್ತಾರೆ. ಮರಗಳ ಎಲೆಯೆಲ್ಲ ಉದುರಿದೆ. ದಂಡೆಯ ನೀರು ಬೆಳಗ್ಗೆ ತೆಳುವಾಗಿ ಹೆಪ್ಪುಗಟ್ಟುತ್ತದೆ. ಇಂಥ ಕೊರೆಯುವ ಚಳಿಯಲ್ಲಿ ಅವರನ್ನು ಮನೆಯಿಂದ ಹೊರಗೆಳೆಯುವುದು ಎರಡು ಜಾತಿಯ ಮೀನುಗಳು. ಒಂದರ ಹೆಸರು ವಾಲ್‌ಐ, ಇನ್ನೊಂದರದು ಸಾಗರ್.

ಹೆಸರು ಸಾಗರ್ ಎಂದಾದರೂ ಈ ಮೀನಿಗೂ ಸಾಗರಕ್ಕೂ ಯಾವ ಸಂಬಂಧವೂ ಇಲ್ಲ. ಎರಡೂ ಸಿಹಿನೀರಿನ ಮೀನುಗಳೇ. ಪರ್ಚ್ ಎಂಬ ಕುಲಕ್ಕೆ ಸೇರಿದ ಅಣ್ಣ-ತಮ್ಮಂದಿರು ಎನ್ನಬಹುದು. ದೂರದೇಶದ ಮೀನಿನ ಸುದ್ದಿ ನಮಗೇಕೆ ಎಂದು ವಾಚಕರು ಕೇಳಿಯಾರು. ಎರಡು ರಾಜ್ಯಗಳ ಗಡಿಯಾಗಿ ಹರಿಯುವ ಒಂದು ಹೊಳೆ, ಅದರಲ್ಲಿ ಗುಂಪುಗೂಡುವ ಮೀನು, ಕೈಗೆ ಸುಲಭವಾಗಿ ಸಿಕ್ಕುವುದನ್ನು ಎಷ್ಟು ಹಿಡಿಯಬೇಕು ಎಂಬ ಪ್ರಶ್ನೆ: ಇವು ಮೂರೂ ಗಡಿಯ ಹೊಳೆಯ ಪಕ್ಕದಲ್ಲಿ ಬಾಳುವ ನಮಗೆ ಹೊಸತಲ್ಲ. ಆದುದರಿಂದಲೇ ಈ ವಿಷಯವನ್ನು ನಾವಿಲ್ಲಿ ಎತ್ತಿಕೊಂಡಿದ್ದೇವೆ.

ಬೆಳ್ಳಗಣ್ಣಿನ ಬೇಟೆಗಾರ

ರಾತ್ರಿ ಟಾರ್ಚು ಬಿಟ್ಟಾಗ ಹಟ್ಟಿಯಲ್ಲಿರುವ ದನದ ಕಣ್ಣು ಹೊಳೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ವಾಲ್‌ಐ ಮೀನಿನ ಕಣ್ಣೂ ಹಾಗೆಯೇ. ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಒಂದು ಪದರವಿದ್ದು, ಒಳಗೆ ಬಂದ ಬೆಳಕನ್ನು ಅದು ಮತ್ತೊಮ್ಮೆ ಹಿಂದಕ್ಕೆ ಹಾಯಿಸುತ್ತದೆ. ಹೀಗಾಗಿ ಅತ್ಯಲ್ಪ ಬೆಳಕಿನಲ್ಲೂ ಅದಕ್ಕೆ ಚೆನ್ನಾಗಿ ಕಾಣಿಸುತ್ತದೆ. ಅದು ಹಿಡಿದು ತಿನ್ನುವ ಸಣ್ಣ ಮೀನುಗಳಿಗೆ ಈ ಸೌಕರ್ಯವಿಲ್ಲ. ಮುಸ್ಸಂಜೆ, ಮುಂಜಾನೆ, ಮೋಡ ಕವಿದ ಹಗಲು, ಇವು ವಾಲ್‌ಐಗೆ ಬೇಟೆಯ ಹೊತ್ತು. ಸಾಗರ್ ಮೀನಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಕೆಸರು ಕಲಕಿದ ನೀರಿನಲ್ಲೂ, ಆಳದ ಕತ್ತಲೆಯಲ್ಲೂ ಅದು ಸಲೀಸಾಗಿ ಇರಬಲ್ಲದು.

ಎರಡನ್ನೂ ಒಟ್ಟಿಗೆ ಇಟ್ಟರೆ ಹೊಸಬರಿಗೆ ಬೇರೆಬೇರೆಯೆಂದು ತಿಳಿಯುವುದು ಕಷ್ಟ. ಬಲ್ಲವರು ಮೊದಲು ಬೆನ್ನಿನ ರೆಕ್ಕೆಯನ್ನು ಬಿಡಿಸಿ ನೋಡುತ್ತಾರೆ. ಸಾಲುಸಾಲಾಗಿ ಕಪ್ಪು ಚುಕ್ಕೆಗಳಿದ್ದರೆ ಅದು ಸಾಗರ್. ಚುಕ್ಕೆಗಳಿಲ್ಲದೆ ರೆಕ್ಕೆಯ ಹಿಂತುದಿಯಲ್ಲಿ ಒಂದೇ ಕಪ್ಪು ಕಲೆಯಿದ್ದು, ಬಾಲದ ಕೆಳತುದಿ ಬೆಳ್ಳಗಿದ್ದರೆ ಅದು ವಾಲ್‌ಐ. ಗಾತ್ರದಲ್ಲಿಯೂ ಅಂತರವುಂಟು. ಮಿನ್ನೆಸೋಟ ರಾಜ್ಯದಲ್ಲಿ ಈವರೆಗೆ ಗಾಳಕ್ಕೆ ಸಿಕ್ಕಿದ ಅತಿ ದೊಡ್ಡ ವಾಲ್‌ಐ 1979ರದ್ದು. ತೂಕ 17 ಪೌಂಡ್ 8 ಔನ್ಸ್, ಅಂದರೆ ಸುಮಾರು 8 ಕಿಲೋ. ಅದೇ ರಾಜ್ಯದ ದಾಖಲೆಯ ಸಾಗರ್ 1988ರಲ್ಲಿ ಮಿಸಿಸಿಪ್ಪಿಯಲ್ಲೇ ಸಿಕ್ಕಿದ್ದು. ತೂಕ 3 ಕಿಲೋದೊಳಗೆ. ವಾಲ್‌ಐ ಎಂದರೆ ಅಲ್ಲಿನವರಿಗೆ ಎಷ್ಟು ಅಭಿಮಾನವೆಂದರೆ, 1965ರಲ್ಲಿ ಅದನ್ನು ಮಿನ್ನೆಸೋಟದ ರಾಜ್ಯ ಮೀನು ಎಂದೇ ಸಾರಿದ್ದಾರೆ. ಬಿಳಿ ಮಾಂಸ, ಮುಳ್ಳು ಕಡಿಮೆ, ವಾಸನೆಯಂತೂ ಇಲ್ಲವೆನ್ನುವಷ್ಟು. ಮೀನು ತಿನ್ನುವವರಿಗೆ ಇನ್ನೇನು ಬೇಕು?

ಅಣೆಕಟ್ಟಿನ ಬುಡದಲ್ಲಿ ಸಂತೆ

ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ರಾಜ್ಯಗಳ ನಡುವೆ ಮಿಸಿಸಿಪ್ಪಿಯೇ ಬಹುದೂರ ಗಡಿ. ರೆಡ್ ವಿಂಗ್ ಎಂಬ ಪಟ್ಟಣ ಈ ಗಡಿಯ ಮೇಲಿದೆ. ಹಿಂದೆ ಅಲ್ಲಿದ್ದ ಡಕೋಟಾ ಜನರ ನಾಯಕನ ಹೆಸರೇ ಊರಿಗೆ ಉಳಿದಿದೆ. ಪಟ್ಟಣದಿಂದ ಸ್ವಲ್ಪ ಮೇಲೆ 3ನೇ ನಂಬರಿನ ಅಣೆಕಟ್ಟು. ಕೆಳಗೆ ಪೆಪಿನ್ ಸರೋವರ. ಸರೋವರವೆಂದರೂ ಅದು ನದಿಯೇ. ಚಿಪ್ಪೆವಾ ಎಂಬ ಉಪನದಿ ತಂದು ಸುರಿದ ಮರಳು ಅಡ್ಡವಾದ್ದರಿಂದ ಮಿಸಿಸಿಪ್ಪಿ ಅಲ್ಲಿ 20 ಮೈಲಿಗೂ ಮಿಕ್ಕಿ ಉದ್ದಕ್ಕೆ ಅಗಲವಾಗಿ ಹರಡಿಕೊಂಡಿದೆ.

ಬೇಸಿಗೆಯಲ್ಲಿ ಈ ಮೀನುಗಳು ಪೆಪಿನ್‌ನ ವಿಶಾಲ ನೀರಿನಲ್ಲಿ ಚದರಿಹೋಗಿರುತ್ತವೆ. ಹಗಲು ಗಿಡ್ಡವಾಗಿ ನೀರು ತಣ್ಣಗಾದಂತೆ ಅವು ಪ್ರವಾಹಕ್ಕೆದುರಾಗಿ ಮೇಲೇರತೊಡಗುತ್ತವೆ. ನಮ್ಮಲ್ಲಿ ಮೊದಲ ಮಳೆಗೆ ತೋಡಿನಲ್ಲಿ ಮೀನು ಹತ್ತುವುದನ್ನು ಕಂಡವರಿಗೆ ಇದು ಅರ್ಥವಾದೀತು. ಆದರೆ ನಮ್ಮಲ್ಲಿ ಮೀನು ಹತ್ತುವುದು ಮೊಟ್ಟೆಯಿಡುವುದಕ್ಕೆ. ಅಲ್ಲಿ ಮೊಟ್ಟೆಯಿಡುವ ಕಾಲ ಏಪ್ರಿಲಿನ ಸುಮಾರಿಗೆ. ಹೇಮಂತದಲ್ಲೇ ಹೊರಟು ಅಣೆಕಟ್ಟಿನ ಬುಡದವರೆಗೆ ಬಂದು, ಚಳಿಗಾಲವಿಡೀ ಆ ಸುತ್ತಿನ ಆಳದಲ್ಲಿ ಕಾದಿರುವುದು ಅವುಗಳ ಕ್ರಮ. ಹೆಣ್ಣು ಮೀನಿನ ಹೊಟ್ಟೆಯಲ್ಲಿ ಮುಂದಿನ ವಸಂತದ ಮೊಟ್ಟೆಗಳು ಬೆಳೆಯುವುದು ಈ ತಿಂಗಳುಗಳಲ್ಲಿಯೇ. ಬಸುರಿಗೆ ಹಸಿವು ಹೆಚ್ಚು ಎಂಬಂತೆ, ಅವು ಚೆನ್ನಾಗಿ ತಿನ್ನುವ ಕಾಲವೂ ಇದೇ.

ಮನುಷ್ಯ ಮಾಡಿದ ಕಾಮಗಾರಿ ಮೀನಿಗೆ ಮನೆಯಾದ ಕಥೆಯೂ ಇಲ್ಲುಂಟು. 1878ರಿಂದ ಅಮೆರಿಕದ ಸೇನೆಯ ಎಂಜಿನಿಯರುಗಳು ಹಡಗಿನ ದಾರಿ ಆಳವಾಗಲೆಂದು ದಂಡೆಯಿಂದ ನಡುಹೊಳೆಯತ್ತ ಕಲ್ಲು ಮತ್ತು ಮರದ ಕೊಂಬೆಗಳ ಒಡ್ಡುಗಳನ್ನು ಹಾಕಿದರು. 1930ರಲ್ಲಿ 9 ಅಡಿ ಆಳದ ಕಾಲುವೆಯ ಯೋಜನೆಗೆ ಮಂಜೂರಾತಿ ಸಿಕ್ಕಿ ಅಣೆಕಟ್ಟುಗಳು ಸಾಲಾಗಿ ಎದ್ದವು. ರೆಡ್ ವಿಂಗ್ ಬಳಿಯದು 1938ರದ್ದು. ನೀರೇರಿ ಹಳೆಯ ಒಡ್ಡುಗಳು ಮುಳುಗಿದವು. ಈಗ ಅವು ನೀರಡಿಯ ಜಗಲಿಗಳು. ಪ್ರವಾಹದ ಹೊಡೆತ ತಪ್ಪಿಸಿಕೊಂಡು, ಹರಿದು ಬರುವ ಸಣ್ಣ ಮೀನಿಗೆ ಬಾಯಿ ಹಾಕಲು ವಾಲ್‌ಐ ಇವುಗಳ ಮಗ್ಗುಲಲ್ಲಿ ಹೊಂಚುತ್ತದೆ. ಸಾಗರ್ ಮಾತ್ರ ಇನ್ನೂ ಆಳದ ಗುಂಡಿಗಳನ್ನು ಹುಡುಕಿಕೊಳ್ಳುತ್ತದೆ.

ಹಿಡಿಯುವ ಬಗೆ

ನಮ್ಮ ಗಾಳದಂತೆ ಎರೆಹುಳ ಸಿಕ್ಕಿಸಿ, ಬೆಂಡು ತೇಲಿಸಿ ಕುಳಿತರೆ ಅಲ್ಲಿ ನಡೆಯದು. ಹೆಚ್ಚಿನವರು ಬಳಸುವುದು ಜಿಗ್ ಎಂಬ ಸಲಕರಣೆಯನ್ನು. ಗಾಳದ ಕುತ್ತಿಗೆಗೇ ಸೀಸದ ಗುಂಡು ಎರಕ ಹೊಯ್ದಿರುತ್ತದೆ; ತೂಕ ಏಳೆಂಟು ಗ್ರಾಂ, ಸೆಳೆತ ಹೆಚ್ಚಿದ್ದರೆ ಇನ್ನೂ ಭಾರ. ಅದಕ್ಕೊಂದು ಬೆರಳುದ್ದದ ಜೀವಂತ ಮೀನುಮರಿ. ದೋಣಿಯನ್ನು ಸಣ್ಣ ವಿದ್ಯುತ್ ಮೋಟಾರಿನಿಂದ ಹತೋಟಿಯಲ್ಲಿಟ್ಟುಕೊಂಡು, ನೀರು ಹರಿಯುವ ವೇಗದಲ್ಲೇ ಅದನ್ನೂ ಹರಿಯಬಿಡುತ್ತಾರೆ. ಹೀಗೆ ಮಾಡಿದರೆ ದಾರ ಓರೆಯಾಗದೆ ನೆಟ್ಟಗೆ ತಳಕ್ಕಿಳಿಯುತ್ತದೆ. ಗುಂಡು ತಳ ಮುಟ್ಟಿದೊಡನೆ ಒಂದು ಗೇಣು ಎತ್ತಬೇಕು, ಮತ್ತೆ ಇಳಿಸಬೇಕು. ತಣ್ಣೀರಿನಲ್ಲಿ ಮೀನಿನ ಮೈಯ ಚಟುವಟಿಕೆ ಮಂದವಾಗಿರುವುದರಿಂದ ಅದು ಗಾಳವನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಮೂಗಿನ ಮುಂದೆ ಬಂದುದನ್ನು ಮಾತ್ರ ಮೆಲ್ಲನೆ ಬಾಯಿಗೆ ಹಾಕಿಕೊಳ್ಳುತ್ತದೆ. ದಾರದಲ್ಲಿ ತುಸು ಭಾರ ಕಂಡಿತೆಂದರೆ ಅದೇ ಮೀನು. ಕೈಗವಸು ಹಾಕಿದ ಬೆರಳಿಗೆ ಆ ಸೂಕ್ಷ್ಮ ತಿಳಿಯದು. ಬಿಚ್ಚಿದ ಬೆರಳು ಚಳಿಗೆ ಮರಗಟ್ಟುತ್ತದೆ. ಈ ಪೇಚಾಟವೇ ಆ ಬೇಟೆಯ ಸ್ವಾರಸ್ಯವಂತೆ!

ಅಪಾಯವೂ ಸಣ್ಣದಲ್ಲ. ಅಣೆಕಟ್ಟಿನ ಗೇಟಿನ ಕೆಳಗೆ ನೀರು ಸುತ್ತಿ ಸುತ್ತಿ ಹಿಂದಕ್ಕೆ ಸೆಳೆಯುತ್ತದೆ. ಹತ್ತಿರ ಹೋದ ದೋಣಿ ಮಗುಚಿದರೆ ಹೊರಬರುವುದು ದುಸ್ತರ. ಆದಕಾರಣ ಕಟ್ಟೆಯ ತೀರ ಬುಡಕ್ಕೆ ದೋಣಿ ಒಯ್ಯುವುದು ನಿಷಿದ್ಧ. ಇನ್ನು ಆ ಹೊತ್ತಿನ ನೀರು 5-6 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿರುತ್ತದೆ. ಬಿದ್ದವನು ಈಜು ಬಲ್ಲವನಾದರೂ ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. ತೇಲುವ ಅಂಗಿ ತೊಡದೆ ದೋಣಿ ಹತ್ತಬಾರದು ಎಂದು ತಿಳಿದವರು ಹೇಳುವುದು ಸುಮ್ಮನಲ್ಲ.

ಬಿಟ್ಟರೂ ಬದುಕದ ಮೀನು

ಸಣ್ಣ ಮೀನನ್ನು ಮರಳಿ ನೀರಿಗೆ ಬಿಡುವುದು ಅಲ್ಲಿ ರೂಢಿ. ಕೆಲವೆಡೆ ಅದು ಕಾನೂನೇ. ಆದರೆ ಬಿಡುವುದರಿಂದ ಎಲ್ಲ ಮೀನೂ ಬದುಕುತ್ತದೆಯೆ? ಇಲ್ಲ. ನಮ್ಮ ಕಾಟ್ಲಾ, ರೋಹು ಮೊದಲಾದ ಕೆಂಡೆ ಜಾತಿಯ ಮೀನುಗಳಿಗೆ ಹೊಟ್ಟೆಯೊಳಗಿನ ಗಾಳಿಚೀಲದಿಂದ ಗಂಟಲಿಗೆ ಒಂದು ನಾಳವಿದೆ. ಒತ್ತಡ ಬದಲಾದರೆ ಗಾಳಿ ಹೊರಬಿಡಬಲ್ಲವು. ವಾಲ್‌ಐ, ಸಾಗರ್‌ಗಳಿಗೆ ಆ ನಾಳವಿಲ್ಲ. ಮೂವತ್ತು ಅಡಿ ಆಳದಲ್ಲಿ ಒತ್ತಡ ಮೇಲಿನದರ ಸುಮಾರು ಎರಡರಷ್ಟು. ಅಲ್ಲಿಂದ ಸರ್ರನೆ ಮೇಲೆಳೆದಾಗ ಗಾಳಿಚೀಲ ಉಬ್ಬಿ, ಒಮ್ಮೊಮ್ಮೆ ಹೊಟ್ಟೆಯೇ ಬಾಯಿಗೆ ಬರುತ್ತದೆ. ಕಣ್ಣು ಹೊರಚಾಚುತ್ತದೆ. ಅಂಥದನ್ನು ಬಿಟ್ಟರೆ ಒಂದೋ ನೀರಮೇಲೆ ತೇಲುತ್ತದೆ, ಇಲ್ಲವೆ ಮುಳುಗಿ ಕಣ್ಣಿಗೆ ಕಾಣದೆ ಸಾಯುತ್ತದೆ.

ಇದು ಮುಖ್ಯವಾದ ಸಂಗತಿ. ಆಳದ ಗುಂಡಿಯಲ್ಲಿ ಸಾಗರ್ ಗುಂಪುಗೂಡಿರುವಾಗ, ಹಿಡಿದು ಬಿಡುತ್ತೇನೆ, ಪಾಪವಿಲ್ಲ ಎಂದುಕೊಂಡು ದಿನವಿಡೀ ಮೋಜಿಗಾಗಿ ಎಳೆಯುವವನು, ನಾಲ್ಕು ಹಿಡಿದು ಮನೆಗೆ ಹೋಗುವವನಿಗಿಂತ ಹೆಚ್ಚು ಮೀನು ಕೊಂದಿರುತ್ತಾನೆ. ಆಳದಲ್ಲಿ ಹಿಡಿಯುವುದಿದ್ದರೆ ತಿನ್ನುವಷ್ಟು ಹಿಡಿದು ನಿಲ್ಲಿಸಿ, ಬಿಡುವುದಿದ್ದರೆ ಆಳಕ್ಕೆ ಹೋಗಬೇಡಿ ಎಂಬುದು ಬಲ್ಲವರ ಬುದ್ಧಿವಾದ.

ಎರಡು ರಾಜ್ಯ, ಒಂದು ಲೆಕ್ಕ

ಮಿನ್ನೆಸೋಟದ ಒಳನಾಡಿನ ಕೆರೆಗಳಲ್ಲಿ ಚಳಿಗಾಲದ ಕೊನೆಯಿಂದ ಮೇ ತಿಂಗಳವರೆಗೆ ವಾಲ್‌ಐ ಹಿಡಿಯುವಂತಿಲ್ಲ. ಮಿಸಿಸಿಪ್ಪಿಯ ಈ ಗಡಿಭಾಗದಲ್ಲಿ ಮಾತ್ರ ವರ್ಷವಿಡೀ ಅವಕಾಶವಿದೆ. ಒಂದು ರಾಜ್ಯದ ಪರವಾನಗಿ ಇದ್ದವನು ಗಡಿನೀರಿನ ಆಚೆ ಬದಿಗೆ ತೇಲಿದನೆಂದು ಯಾರೂ ದಂಡ ಹಾಕುವುದಿಲ್ಲ. ಎರಡು ಸರಕಾರಗಳೂ ಒಪ್ಪಿಕೊಂಡಿವೆ. ದಿನಕ್ಕೆ ಎರಡು ಜಾತಿಯೂ ಸೇರಿ ಆರು ಮೀನು ಎಂದು ಮೊದಲು ಮಿತಿಯಿತ್ತು. 2020ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಲಾಯಿತು. ನೀರಡಿಯ ಮೀನನ್ನು ಪರದೆಯ ಮೇಲೆ ತೋರಿಸುವ ಯಂತ್ರಗಳು ಇಂದು ಸಣ್ಣ ದೋಣಿಗಳಲ್ಲೂ ಇವೆ. ಹುಡುಕುವ ಕಷ್ಟವೇ ಇಲ್ಲವಾದ ಮೇಲೆ ಮೀನಿಗೆ ಉಳಿಯುವ ರಕ್ಷೆ ಲೆಕ್ಕವೊಂದೇ.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ಆ ನಾಡು ಕಂಡಿದೆ. ಮಿನ್ನೆಸೋಟದ ಉತ್ತರದಲ್ಲಿ ರೆಡ್ ಲೇಕ್ ಎಂಬ ದೊಡ್ಡ ಕೆರೆಯಿದೆ. ಅದರ ಬಹುಭಾಗ ಒಜಿಬ್ವೆ ಎಂಬ ಮೂಲನಿವಾಸಿಗಳದು. ಮಿತಿಮೀರಿ ಹಿಡಿದ ಫಲವಾಗಿ 1990ರ ದಶಕದಲ್ಲಿ ಅಲ್ಲಿ ವಾಲ್‌ಐ ಸಂತತಿ ಕುಸಿದುಬಿದ್ದಿತು. ಬುಡಕಟ್ಟಿನವರು ಮೊದಲು ತಮ್ಮ ವ್ಯಾಪಾರದ ಮೀನುಗಾರಿಕೆಯನ್ನು ತಾವೇ ನಿಲ್ಲಿಸಿದರು. 1999ರಲ್ಲಿ ಅವರೂ ರಾಜ್ಯ ಸರಕಾರವೂ ಒಪ್ಪಂದ ಮಾಡಿಕೊಂಡು ವಾಲ್‌ಐ ಹಿಡಿಯುವುದನ್ನು ಪೂರ್ತಿ ತಡೆದರು, ಮರಿಗಳನ್ನು ಬಿಟ್ಟರು, ಕಾದರು. 2006ರಲ್ಲಿ ಮತ್ತೆ ಗಾಳ ಹಾಕುವಷ್ಟು ಮೀನು ತುಂಬಿತು. ಏಳು ವರ್ಷ ಗಾಳ ಒಣಗಿಸಿದ ಜನರಿಗೆ ಕೆರೆ ಮರಳಿ ಸಿಕ್ಕಿತು.

ನಮ್ಮ ಹೊಳೆಗೆ ಬಂದರೆ

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯವನ್ನು ಹಾದು ಬರುವ ಪಯಸ್ವಿನಿ, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಕುಂಭ-ಮೀನ ಮಾಸದ ಬಿಸಿಲಿಗೆ ಹೊಳೆ ಬತ್ತಿ ಕಯಗಳಷ್ಟೇ ಉಳಿದಾಗ ಮೀನುಗಳೆಲ್ಲ ಅಲ್ಲಿ ಬಂದು ಸೇರುತ್ತವೆ. ಮಿಸಿಸಿಪ್ಪಿಯ ಮೀನಿಗೆ ಚಳಿ ಹೇಗೋ ನಮ್ಮ ಮೀನಿಗೆ ಬೇಸಗೆ ಹಾಗೆ: ಆಸರೆಯೂ ಅದೇ, ಅಪಾಯವೂ ಅದೇ. ಅಂಥ ಕಯಕ್ಕೆ ತೋಟೆ ಎಸೆಯುವುದು, ವಿಷ ಬೆರೆಸುವುದು ನಮ್ಮ ಕಡೆ ಕೇಳರಿಯದ ಸುದ್ದಿಯೇನಲ್ಲ. 1897ರ ಮೀನುಗಾರಿಕೆ ಕಾಯಿದೆಯೇ ಇವೆರಡನ್ನೂ ಅಪರಾಧವೆಂದಿತ್ತು. ಕೇರಳದ 2010ರ ಒಳನಾಡು ಮೀನುಗಾರಿಕೆ ಕಾನೂನೂ ಹಾಗೆಯೇ ಹೇಳುತ್ತದೆ. ಮಳೆಗಾಲದ ಆರಂಭದಲ್ಲಿ ಹತ್ತಿಬರುವ, ಮಲಯಾಳದಲ್ಲಿ ಊತ್ತ ಎನ್ನುವ, ಮೊಟ್ಟೆ ತುಂಬಿದ ಮೀನನ್ನು ಅಡ್ಡಗಟ್ಟಿ ಹಿಡಿಯುವುದೂ ಇಲ್ಲಿ ನಿಷಿದ್ಧ. ತೋಟೆ ಸಿಡಿದಾಗ ಹಿಡಿಯಬೇಕೆಂದಿದ್ದ ನಾಲ್ಕರ ಜೊತೆ, ಬುಟ್ಟಿಗೆ ಬಾರದ ಬೆರಳುದ್ದದ ನೂರಾರು ಮರಿಗಳೂ ಸಾಯುತ್ತವೆ. ಮೇಲೆ ಹಾಕಿದ ವಿಷ ಗಡಿಯ ಚೆಕ್‌ಪೋಸ್ಟಿನಲ್ಲಿ ನಿಲ್ಲುವುದಿಲ್ಲ.

ಕಾನೂನು ಸರಕಾರದ್ದು, ಸಂಜೆಗತ್ತಲಲ್ಲಿ ಹೊಳೆಯ ಬದಿಗೆ ಬಂದು ಎಣಿಸುವ ಅಧಿಕಾರಿ ಮಿನ್ನೆಸೋಟದಲ್ಲೂ ಎಲ್ಲ ದೋಣಿಗೂ ಸಿಕ್ಕುವುದಿಲ್ಲ. ನಾಲ್ಕಾಯಿತು, ಸಾಕು ಎಂದು ದಾರ ಸುತ್ತಿಕೊಳ್ಳುವವನು ದೋಣಿಯೊಳಗಿನ ಮನುಷ್ಯನೇ. ಇನ್ನೂ ಮೀನು ಕಚ್ಚುತ್ತಿರುವಾಗಲೇ ಹಾಗೆ ಸುತ್ತಿಕೊಳ್ಳುವುದು ಕಷ್ಟ. ಆದರೆ ಬರುವ ವರ್ಷ ಹೊಳೆಯಲ್ಲಿ ಮೀನಿರಬೇಕೆಂದರೆ ಬೇರೆ ದಾರಿಯಿಲ್ಲವೆಂಬುದನ್ನು ನಾವು ಮನೆಯ ಮಕ್ಕಳಿಗೆ ಹೇಳಿಕೊಡಬೇಕು, ಗಾಳ ಹಾಕುವುದನ್ನು ಕಲಿಸುವ ದಿನವೇ.